ಬಲಗೈಗೆ ಬಿಟ್ಟ ಕರು

“ಕರಡಿ ಅನ್ನೋ, ಸನಿಯನೇ, ಕರಡಿ! ಆ ಮೂರಕ್ಷರ ನಿನ್ನ ಹಾಳು ಬಾಯಿಂದ ಹೊರಡೋದಿಲ್ವಾ?”

ಮ್ಯಾನೇಜರ್ ಪ್ರವೀಣ್‌ಕುಮಾರ್ ಕೂಗಿದ ರಭಸಕ್ಕೆ ಅವನ ಬಾಯೊಳಗಿದ್ದ ವರ್ಕಿ ಬಿಸ್ಕತ್ತಿನ ಪುಡಿ ಶಿವನ ಅಂಗಿಯ ಮೇಲೆ ಉದುರಿತು. ಶಿವ ಕೊಡವಿಕೊಳ್ಳಲಿಲ್ಲ. ಎಡಗೈ ಎತ್ತಬಹುದಿತ್ತು. ಆದರೆ ಎಡಗೈಯನ್ನು ಬಲಗೈಗೆ ಜೋಡಿಸಿ ನಮಸ್ಕಾರದಲ್ಲೇ ನಿಂತಿರಬೇಕೆಂದು ಅಪ್ಪಣೆಯಾಗಿತ್ತು. ಬಲಗೈ ರಬ್ಬರಿನದು.

“ಇನ್ನೊಂದ್ಸಲ ಹೇಳು. ಕ್ಯಾಮರಾ ನೋಡ್ಕೊಂಡು.”

ಶಿವ ಗಂಟಲು ಸರಿಮಾಡಿಕೊಂಡ. “ಕಾಡಿಗೆ ಸೌದೆಗೆ ಹೋಗಿದ್ದೆ. ಬೀಟರು ಬಂತು. ಕೈ ಕಚ್ಚಿಕೊಂಡು ಹೋಯಿತು, ಸಾರ್.”

ಕ್ಯಾಮರಾದವನು ಹಣೆ ಚಚ್ಚಿಕೊಂಡ. ಪ್ರವೀಣ್‌ಕುಮಾರನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

“ಕಾಡಲ್ಲಿ ಬೀಟರು ಅಲೀತಾ ಇರ್ತದಾ? ಅದಕ್ಕೇನು ನಾಲ್ಕು ಕಾಲಿದ್ಯಾ, ಮುಂಡೇದೇ?”

“ಇಲ್ಲೆ ಸಾರ್. ಅದು ನಿಂತಲ್ಲೇ ತಿಂಬುದು.”

ಮೇಜಿನ ಹತ್ತಿರ ಕಾಗದ ಕತ್ತರಿಸುತ್ತಿದ್ದ ಪಾಪಾತಿ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. ಪಕ್ಕದಲ್ಲಿ ಅಂಟು ಹಚ್ಚುತ್ತಿದ್ದ ಕೆಂಪಿ ನಗಲಿಲ್ಲ. ಶಿವ ಅವಳ ಗಂಡ. ಅವನು ಹಾಸ್ಯಕ್ಕೆ ಹೇಳಿದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ಪಾಪದವನು, ಮನಸಾರೆ ಸುಳ್ಳು ಹೇಳಲು ಹೊರಟಿದ್ದ. ನಾಲಿಗೆ ಮಾತ್ರ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು.

ಸುಳ್ಳಿನ ಅಗತ್ಯ ಬಿದ್ದದ್ದು ಹೊರದೇಶದ ಗಿರಾಕಿಯಿಂದ. ಕಂಪನಿಯ ಎಪ್ಪತ್ತೈದನೇ ವರ್ಷದ ಸಮಾರಂಭಕ್ಕೆ ಅವನೇ ಖುದ್ದಾಗಿ ಬರುವವನಿದ್ದ. ಬರುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದ್ದ: ನಿಮ್ಮಲ್ಲಿ ಯಂತ್ರಕ್ಕೆ ಸಿಕ್ಕಿ ಯಾರಾದರೂ ಕೈಕಾಲು ಕಳೆದುಕೊಂಡದ್ದುಂಟೇ? ಇಲ್ಲವೇ ಇಲ್ಲ ಎಂದು ಕಂಪನಿಯ ಯಜಮಾನ, ಮೊದಲಾಳಿ ಗೋಪಾಲನ್ ಉತ್ತರ ಕೊಟ್ಟಿದ್ದ. ಹಾಗೆ ಹೇಳಿದ ಮೇಲೆ ಗೇಟಿನಲ್ಲೇ ನಿಲ್ಲುವ ಮೊಂಡುಗೈಯವನಿಗೆ ಒಂದು ಚರಿತ್ರೆ ಬೇಕಲ್ಲ. ಕೋತಗಿರಿಯಲ್ಲಿ ಕರಡಿಗೇನು ಬರವೇ? ರಾತ್ರಿ ಅಡಿಗೆಮನೆಗೆ ನುಗ್ಗಿ ಎಣ್ಣೆ ಕುಡಿದು ಹೋಗುತ್ತವೆ. ಹೀಗೆ ಕೈ ಕರಡಿಯ ಪಾಲಾಯಿತು.

ಶಿವ ವೇದಿಕೆಯ ಮೇಲೆ ಗಿರಾಕಿಯೆದುರು ಇದನ್ನು ತಪ್ಪಿಲ್ಲದೆ ಹೇಳಿದರೆ, ಫ್ಯಾಕ್ಟರಿಯ ಲೈನಿನಲ್ಲಿ ಅವರಿರುವ ಒಂದು ಕೋಣೆಯ ಮನೆ ಬದುಕಿರುವ ತನಕ ಅವರದ್ದೇ. ತೊದಲಿದರೆ ಬೀಗ.

*

ಕಾಗದದ ಫ್ಯಾಕ್ಟರಿ ಎಂದರೆ ತವುಟೆಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಬೋರ್ಡಿನ ಮೇಲೆ ಮಿಸ್ಟ್‌ವೇಲ್ ಪೇಪರ್ಸ್ ಎಂದಿದೆ. ಬರೆಯುವ ಕಾಗದ, ಹರಿದು ಎಸೆಯುವ ಕಾಗದ ಅಲ್ಲಿ ಮಾಡುವುದಿಲ್ಲ. ತಿರುಪ್ಪೂರಿನಿಂದ ಲಾರಿಯಲ್ಲಿ ಬನಿಯನ್ ಬಟ್ಟೆಯ ಚೂರು ಬರುತ್ತದೆ. ಹೆಂಗಸರು ಅದನ್ನು ಆಯುತ್ತಾರೆ. ಬೀಟರ್ ಎಂಬ ದೊಡ್ಡ ಕಬ್ಬಿಣದ ತೊಟ್ಟಿಯಲ್ಲಿ ಕತ್ತಿಗಳಿರುವ ಉರುಳೆಯೊಂದು ತಿರುಗಿ ತಿರುಗಿ ಬಟ್ಟೆಯನ್ನೆಲ್ಲ ಗಂಜಿ ಮಾಡುತ್ತದೆ. ಆ ಗಂಜಿಯನ್ನು ನೀರಲ್ಲಿ ಕದಡಿ ಜರಡಿಯಲ್ಲಿ ಎತ್ತಿದರೆ ಒಂದು ಹಾಳೆ. ದೊಡ್ಡ ಮನೆಗಳ ಮದುವೆಯ ಕರೆಯೋಲೆ, ದೊಡ್ಡ ಹೋಟೆಲುಗಳ ಊಟದ ಪಟ್ಟಿ, ದೊಡ್ಡ ದೇಶಗಳ ಹಬ್ಬದ ಕಾರ್ಡು, ಎಲ್ಲ ಆ ಹಾಳೆಯಲ್ಲೇ. ಎತ್ತುವವಳು ಕೆಂಪಿ. ಮದುವೆಯಾಗಿ ಬಂದಾಗಿನಿಂದ ಎತ್ತುತ್ತಲೇ ಇದ್ದಾಳೆ.

ಸಮಾರಂಭಕ್ಕೆಂದು ಕಂಪನಿಯವರು ಒಂದು ಸಿನಿಮಾ ಮಾಡಿಸಿದ್ದರು. ಅದರಲ್ಲಿ ಹಿರಿಯ ಮೊದಲಾಳಿ ಒಂದು ಟ್ರಂಕು ಹಿಡಿದು ಬೆಟ್ಟ ಹತ್ತಿ ಬರುತ್ತಾನೆ, ಹಳ್ಳದ ನೀರನ್ನು ಬೊಗಸೆಯಲ್ಲಿ ಕುಡಿದು, ಆಕಾಶ ನೋಡಿ, “ಇಲ್ಲೇ” ಎನ್ನುತ್ತಾನೆ. ನಿಜದಲ್ಲಿ ಅವನು ಆಕಾಶ ನೋಡುವ ಮೊದಲು ಶಿವನ ತಾತನನ್ನು ನೋಡಿದ್ದ. ಒಂದು ಕೊಟ್ಟಿಗೆ ಕಟ್ಟಿಕೊಳ್ಳಲು ಹಳ್ಳದ ಬದಿಗೆ ಜಾಗ ಕೇಳಿದ್ದ. ಪಾಪ, ದೂರದಿಂದ ಬಂದವನು ಎಂದು ತಾತ ಕೊಟ್ಟ. ಕೊಟ್ಟಿಗೆ ಬೆಳೆಯಿತು. ಮಗ ಗೋಪಾಲನ್ ಕಾಲಕ್ಕೆ ಅದು ಶಿವನ ಅಪ್ಪನ ಬಾರ್ಲಿ ಹೊಲವನ್ನು ದಾಟಿ ಮನೆಯ ಹಿತ್ತಿಲಿಗೆ ಬಂತು. ಗಡಿಕಲ್ಲನ್ನು ಕಿತ್ತು ಆಚೆಗೆ ನೆಟ್ಟವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಶಿವನೇ. ಮೊದಲಾಳಿ ಹೇಳಿದ, ಹುಡುಗ ಮಾಡಿದ. ಅಪ್ಪ ಆಮೇಲೆ ಸಾಯುವ ತನಕ ಶಿವನ ಕೈಯಿಂದ ನೀರು ಮುಟ್ಟಲಿಲ್ಲ. ಈಗ ಶಿವ ಮತ್ತು ಕೆಂಪಿ ಇರುವ ಲೈನ್ ಮನೆ ಆ ಹಿತ್ತಿಲಿನ ಮೇಲೆಯೇ ಇದೆ. ತಮ್ಮ ಹಿತ್ತಿಲಲ್ಲಿ ತಾವೇ ಕಂಪನಿಯ ದಯೆಯಿಂದ ಇದ್ದಾರೆ.

ಬೆರಳು ತೋರಿಸಿದರೆ ಹಸ್ತ ನುಂಗಿದರು ಎಂದು ಗಾದೆ ಹೇಳುತ್ತಾರೆ. ಈ ಫ್ಯಾಕ್ಟರಿಯ ಮಟ್ಟಿಗೆ ಅದು ಗಾದೆಯಾಗಿ ಉಳಿಯಲಿಲ್ಲ.

ಆ ದಿನ ಬೀಟರಿನ ಉರುಳೆಗೆ ಬನಿಯನ್ನಿನ ಪಟ್ಟಿಯೊಂದು ಸುತ್ತಿಕೊಂಡಿತ್ತು. ಯಂತ್ರ ನಿಲ್ಲಿಸಿ ಬಿಡಿಸಬೇಕು. ನಿಲ್ಲಿಸಿದರೆ ಗಂಜಿಯ ಹದ ಕೆಡುತ್ತದೆಂದು ಪಕ್ಕದಲ್ಲೇ ನಿಂತಿದ್ದ ಗೋಪಾಲನ್, “ಓಡ್ತಾ ಇರಲಿ, ಕೈ ಹಾಕೋ” ಎಂದ. ಶಿವ ಕೈ ಹಾಕಿದ. ಬಟ್ಟೆ ತಂದಿದ್ದ ಲಾರಿಯಲ್ಲೇ ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಕೆಂಪಿ ಲಾರಿಯ ಹಿಂದೆ ಓಡಿದಳು. ಆಗಿನ್ನೂ ಸೂಪರ್‌ವೈಸರ್ ಆಗಿದ್ದ ಪ್ರವೀಣ್‌ಕುಮಾರ್ ಗೇಟು ಹಾಕಿಸಿ ಅಡ್ಡ ನಿಂತ.

“ನೀ ಹೋಗಿ ಏನು ಕಿಸೀತೀಯ? ನೀನೇನು ಡಾಕ್ಟರಾ? ಗಂಜಿ ಹುಳಿಯಾಗ್ತದೆ, ಬಂದು ಎತ್ತು.”

ಕೆಂಪಿ ಎತ್ತಿದಳು. ತೊಟ್ಟಿಯ ನೀರು ಎಳೆಗೆಂಪಾಗಿತ್ತು. ಅಳುತ್ತಾ ಎತ್ತಿದಳು, ಎತ್ತುತ್ತಾ ಅತ್ತಳು. ಹಸಿ ಹಾಳೆಯ ಮೇಲೆ ಕಣ್ಣೀರು ಬಿದ್ದರೆ ಚುಕ್ಕೆಯಾಗುತ್ತದೆ, ದೂರ ನಿಂತು ಅಳು ಎಂದು ಬೈಸಿಕೊಂಡಳು.

ಆ ಕಾಗದವನ್ನು ಎಸೆಯುತ್ತಾರೆಂದುಕೊಂಡಿದ್ದಳು. ಕಂಪನಿಯವರು ಏನನ್ನೂ ಎಸೆಯುವವರಲ್ಲ. ಒಣಗಿಸಿ, ಒತ್ತಿ, ಮಾದರಿಗೆಂದು ಹೊರದೇಶಕ್ಕೆ ಕಳಿಸಿದರು. ಗಿರಾಕಿ ಕುಣಿದಾಡಿದನಂತೆ. ಇಂಥ ಬೆಚ್ಚನೆಯ ಗುಲಾಬಿ ಬಣ್ಣ ಜಗತ್ತಿನಲ್ಲೇ ಕಂಡಿಲ್ಲ, ಇನ್ನೂ ಬೇಕು ಎಂದನಂತೆ. ಅದಕ್ಕೆ ‘ರೋಸ್ ಡಾನ್’ ಎಂದು ನಾಮಕರಣವಾಯಿತು. ಗೋಪಾಲನ್‌ನ ತಾಯಿ ದೊಡ್ಡಬೆಟ್ಟದ ತುದಿಯಲ್ಲಿ ಸೂರ್ಯೋದಯ ನೋಡುತ್ತಿದ್ದಾಗ ಆ ಬಣ್ಣ ಹೊಳೆಯಿತು ಎಂದು ಸಿನಿಮಾದಲ್ಲಿ ಇದೆ. ಮತ್ತೆ ಅದೇ ಬಣ್ಣ ತರಲು ನಂಜನಾಡಿನಿಂದ ಬೀಟ್‌ರೂಟ್ ಮೂಟೆ ಮೂಟೆ ತರಿಸಿದರು, ಇಟ್ಟಿಗೆಪುಡಿ ಹಾಕಿದರು, ಕುಂಕುಮ ಸುರಿದರು. ಗಿರಾಕಿ ಪ್ರತಿ ಸಲವೂ ಆ ಬೆಚ್ಚನೆಯ ಬಣ್ಣ ಬರಲಿಲ್ಲ ಎಂದು ವಾಪಸು ಕಳಿಸಿದ. ಬೇಸತ್ತ ಪ್ರವೀಣ್‌ಕುಮಾರ್ ಒಂದು ದಿನ ಶಿವನ ಉಳಿದ ಕೈಯನ್ನೇ ಬಹಳ ಹೊತ್ತು ನೋಡಿದನಂತೆ.

ಶಿವನನ್ನು ಗೇಟಿಗೆ ಹಾಕಿದರು. ಬಂದವರಿಗೆ ನಮಸ್ಕಾರ ಮಾಡುವ ಕೆಲಸ. ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರೆ ಹೊಡೆಯಲು ಬಂದ ಹಾಗೆ ಕಾಣುತ್ತದೆ ಎಂದು ಕೊಯಮತ್ತೂರಿನಿಂದ ರಬ್ಬರ್ ಕೈ ತರಿಸಿದರು. ಅದು ಗೋಧಿ ಬಣ್ಣದ್ದು, ಉಗುರಿಗೆ ಹೊಳಪೂ ಇತ್ತು. ಬೆಳಿಗ್ಗೆ ವಾಚ್‌ಮನ್ ದಿನೇಶ್‌ಕುಮಾರ್ ಬೀರುವಿನಿಂದ ತೆಗೆದು ಕಟ್ಟುತ್ತಾನೆ, ಸಂಜೆ ಬಿಚ್ಚಿ ಬೀಗ ಹಾಕುತ್ತಾನೆ. ಕಂಪನಿಯ ಮಾಲು ಮನೆಗೆ ಒಯ್ಯುವ ಹಾಗಿಲ್ಲ.

ರಬ್ಬರ್ ಕೈ ಬಿಚ್ಚಿದ ಮೇಲೆ ನಿಜವಾದ ಕೈಯ ಕಾಟ ಶುರುವಾಗುತ್ತಿತ್ತು.

“ತುರಿಸುದು ಕೆಂಪಿ,” ಎನ್ನುತ್ತಿದ್ದ ಶಿವ. “ಅಂಗೈಲಿ ತುರಿಸುದು. ಅಂಗೈಯೇ ಇಲ್ಲೆ, ಎಲ್ಲಿ ಕೆರೆಯಲಿ?”

ಕೆಂಪಿ ಮೊಂಡುಗೈಗೆ ಎಣ್ಣೆ ಹಚ್ಚಿದಳು, ಬೇವು ಹಚ್ಚಿದಳು, ಹೆತ್ತೆಯಮ್ಮನಿಗೆ ಹರಕೆ ಹೊತ್ತಳು. ತುರಿಕೆ ನಿಲ್ಲಲಿಲ್ಲ. ಕೊನೆಗೆ ಅವಳಿಗೇ ಒಂದು ಸಂಗತಿ ಹೊಳೆಯಿತು. ಸತ್ತದ್ದಕ್ಕೆ ಸಂಸ್ಕಾರ ಆಗದಿದ್ದರೆ ಅದು ಮನೆ ಬಿಟ್ಟು ಹೋಗುವುದಿಲ್ಲ. ಹಟ್ಟಿಯಲ್ಲಿ ಯಾವ ಮುದುಕ ಸತ್ತರೂ ಅವನ ಪಾಪ ಹೇಳಿ ಕಳಿಸುತ್ತಾರೆ. ಈ ಕೈಯನ್ನು ಯಾರೂ ಕಳಿಸಿಲ್ಲ.

*

ಆ ಪಾಪ ಹೇಳುವ ಪದ್ಧತಿಯ ಮೇಲೆಯೇ ಅಮೃತಾ ಮೇಡಂ ಕಣ್ಣು ಹಾಕಿದಳು. ಗೋಪಾಲನ್‌ನ ಸೊಸೆ ಅವಳು, ಚೆನ್ನೈಯಿಂದ ಬಂದವಳು. ಹಳೆಯ ಬೀಟರನ್ನು ತೆಗೆದು ಹೊಸ ಯಂತ್ರ ಕೂರಿಸುವುದೆಂದೂ, ಹಳೆಯದನ್ನು ಹೂವಿನ ಹಾಸಿಗೆಯ ಮೇಲೆ ಇಟ್ಟು ಗಿರಾಕಿಗಳೆದುರು ಗೌರವದಿಂದ ಬೀಳ್ಕೊಡುವುದೆಂದೂ ಅವಳೇ ಯೋಜನೆ ಹಾಕಿದ್ದಳು. ಬೀಳ್ಕೊಡಲು ಏನಾದರೂ ಈ ಮಣ್ಣಿನದೇ ಬೇಕು ಎಂದು ಹುಡುಕಿದಾಗ ಹಟ್ಟಿಯವರು ‘ಕರು ಹರಚುವುದು’ ಎನ್ನುವ ಈ ಪದ್ಧತಿ ಸಿಕ್ಕಿತು.

ಸತ್ತವರ ಪಾಪಗಳನ್ನು ಹಟ್ಟಿಯ ಹಿರಿಯ ಒಂದೊಂದಾಗಿ ಹೇಳುತ್ತಾನೆ. ಹಾವು ಕೊಂದದ್ದು, ಹಲ್ಲಿ ಕೊಂದದ್ದು, ನೆರೆಯವರ ಹಾಲಿಗೆ ಕಣ್ಣು ಹಾಕಿದ್ದು. ಸುತ್ತ ನಿಂತವರು ಪ್ರತಿಯೊಂದಕ್ಕೂ “ಪಾಪ” ಎನ್ನುತ್ತಾರೆ. ಹೊರೆಯನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಾರೆ. ಆ ಕರುವನ್ನು ಮತ್ತೆ ಯಾರೂ ಹಿಡಿಯುವಂತಿಲ್ಲ. ಹಿಡಿದರೆ ಹೊರೆ ಹಿಡಿದವನದ್ದು. ಈಗೀಗ ಕರುವಿಲ್ಲದೆ ಬಾಯಿಮಾತಿನಲ್ಲೇ ಮುಗಿಸುವುದುಂಟು.

ಅಮೃತಾ ಮೇಡಂ ಪ್ರವೀಣ್‌ಕುಮಾರನನ್ನೂ ಕೆಂಪಿಯನ್ನೂ ಕರೆದುಕೊಂಡು ಹಟ್ಟಿಯ ಗೌಡನ ಹತ್ತಿರ ಬಂದಳು. ಗೌಡ ಜಗಲಿಯ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದ.

“ಹಲ್ಲಿ, ಕಪ್ಪೆಗೆ ಕೂಡ ಕ್ಷಮೆ ಕೇಳೋ ಜನ ನೀವು! ನಮ್ಮ ಗಿರಾಕಿಗಳಿಗೆ ಪ್ರಕೃತಿ ಅಂದ್ರೆ ಪ್ರಾಣ. ನಮ್ಮ ಬೀಟರಿಗೂ ಒಂದು ಮಾಡಿಕೊಡಿ.”

ಗೌಡ ಹುಬ್ಬಿಗೆ ಕೈ ಅಡ್ಡ ಹಿಡಿದು ಅವಳನ್ನು ನೋಡಿದ. “ಹೆಣ ಎಲ್ಲಿ ಅವ್ವಾ?”

“ಬೀಟರೇ.”

“ಕಬ್ಬಿಣ ಸಾವುದಿಲ್ಲೆ. ತುಕ್ಕು ಹಿಡಿವುದು. ತುಕ್ಕಿಗ ಎಣ್ಣೆ ಹಾಕು.”

“ಯೋವ್ ಪೆರಿಸೇ, ಮುದುಕಾ,” ಎಂದು ಪ್ರವೀಣ್‌ಕುಮಾರ್ ಸಿಡುಕಿದ, “ಮೊದಲಾಳಿ ಮನೆಯವರು ಬಂದು ನಿಂತು ಕೇಳ್ತಿದ್ದಾರೆ. ಕೂತೇ ಮಾತಾಡ್ತೀಯಲ್ಲ, ತಿಮಿರಾ, ಅಷ್ಟು ಕೊಬ್ಬಾ?”

“ಮಂಡಿ ನೋವು ಸಾಮಿ. ನಿಮ್ಮ ತೊಟ್ಟಿಯ ನೀರಲಿ ನಿಂತು ಬಂದುದು.”

ಅಮೃತಾ ಮೇಡಂಗೆ ಬೇಸರವಾಗಲಿಲ್ಲ. ಅವಳಿಗೆ ಬೇಸರವೆಂಬುದೇ ಇರಲಿಲ್ಲ. “ಹಾಗಾದ್ರೆ ಕೆಂಪಿ ಹೇಳ್ತಾಳೆ. ಹೆಂಗಸು ಹೇಳಿದ್ರೆ ಫೋಟೋಗೆ ಇನ್ನೂ ಚೆನ್ನ.”

“ಹೆಂಗಸು ಹೇಳುವ ಪದ್ಧತಿ ಇಲ್ಲೆ.”

“ಮಿಷಿನ್‌ಗೆ ಮಾಡೋ ಪದ್ಧತಿಯೂ ಇಲ್ಲವಲ್ಲ. ಎರಡೂ ಒಟ್ಟಿಗೇ ಶುರುವಾಗಲಿ.”

ಅಮೃತಾ ಮೇಡಂ, ಪ್ರವೀಣ್‌ಕುಮಾರ್ ಇಬ್ಬರೂ ಕಾರಿನ ಕಡೆ ಹೋದ ಮೇಲೆ ಕೆಂಪಿ ಹಿಂದೆಯೇ ಉಳಿದಳು.

“ದೊಡ್ಡಪ್ಪ, ಹೆಣ ಇದ್ದರ?”

“ಹೆಣ ಇದ್ದರ ಹಟ್ಟಿ ಪೂರಾ ಬರಬೇಕು. ಹಗೆಯವನೂ ಬರಬೇಕು, ಬಂದು ಪಾಪ ಅನ್ನಬೇಕು. ಏಕ ಕೇಳಿದೆ?”

“ಹೆಣ ಇದೆ,” ಎಂದಳು ಕೆಂಪಿ. “ಎನ್ನ ಮೇಜಿನ ಮೇಲೆ ಇದೆ.”

ಅವಳು ಅಂಟು ಹಚ್ಚುತ್ತಿದ್ದದ್ದು ಸಮಾರಂಭದ ಕರೆಯೋಲೆಗೆ. ಮಾಮೂಲು ಅತಿಥಿಗಳಿಗೆ ಬೀಟ್‌ರೂಟಿನ ಕಾಗದ. ವೇದಿಕೆಯ ಮುಂದೆ ಕೂರುವ ಆಯ್ದವರಿಗೆ ಮೊದಲ ರೋಸ್ ಡಾನಿನ ಉಳಿದ ಹಾಳೆ. ಗೋಪಾಲನ್ ಇಷ್ಟು ವರ್ಷ ಅದನ್ನು ಪಟ್ಟೆ ಸೀರೆಯ ಹಾಗೆ ಮಡಿಸಿ ಕಾಪಾಡಿದ್ದ. ಕಟ್ಟು ಬಿಚ್ಚಿದ ಕೂಡಲೇ ಕೆಂಪಿಯ ಕೈ ನಿಂತುಹೋಗಿತ್ತು. ಮೇಲಿನ ಹಾಳೆಯ ಮೂಲೆಯಲ್ಲಿ ಕಣ್ಣೀರಿನ ಚುಕ್ಕೆ ಹಾಗೆಯೇ ಇತ್ತು.

ಎಲ್ಲ ಕೇಳಿದ ಗೌಡ ಕೋಲು ಊರಿ, ಮಂಡಿ ನೋವಿನಲ್ಲೇ ಎದ್ದು ನಿಂತ.

*

ಸಮಾರಂಭದ ಬೆಳಿಗ್ಗೆ ಶಿವ ಗೋಡೆಗೆ ನೇತುಹಾಕಿದ್ದ ಚೂರುಗನ್ನಡಿಯೆದುರು ನಿಂತು ಕರಡಿಯನ್ನು ಅಭ್ಯಾಸ ಮಾಡುತ್ತಿದ್ದ. ಈಗ ಸಲೀಸಾಗಿ ಬರುತ್ತಿತ್ತು. ಕೆಂಪಿ ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ವಸ್ತ್ರದ ಪಟ್ಟು ಕಟ್ಟಿಕೊಂಡಳು. ಸಾವಿನ ಮನೆಗೆ ಹೋಗುವ ಉಡುಪು ಅದು. ಹಬ್ಬಕ್ಕೂ ಅದೇ. ಅಮೃತಾ ಮೇಡಂ ಬಹಳ ಮೆಚ್ಚಿಕೊಂಡಿದ್ದಳು.

“ನಾ ಇವತ್ತು ಬಾಯಿ ಬಿಟ್ಟರ ಮನೆ ಹೋಗುದು,” ಎಂದಳು ಕೆಂಪಿ.

ಕನ್ನಡಿಯಲ್ಲಿ ಶಿವನ ಬಾಯಿ ನಿಂತಿತು. ಅವನಿಗೆ ಅವಳು ಏನೂ ಹೇಳಿರಲಿಲ್ಲ. ಆದರೆ ಅಷ್ಟು ವರ್ಷ ಒಂದೇ ಕಂಬಳಿಯಲ್ಲಿ ಮಲಗಿದವರಿಗೆ ಹೇಳಬೇಕೇ?

“ಮಳೆಗಾಲ ಕೆಂಪಿ. ಎಲ್ಲಿ ಹೋಗುದು?”

“ಗೊತ್ತಿಲ್ಲೆ.”

ಶಿವ ಮೊಂಡುಗೈಯನ್ನು ಬಾಗಿಲ ಚೌಕಟ್ಟಿಗೆ ಉಜ್ಜಿದ. ಆ ಮರ ದಿನಾ ಉಜ್ಜಿ ಉಜ್ಜಿ ನುಣುಪಾಗಿ ಹೋಗಿತ್ತು.

“ಇವತ್ತು ಬಹಳ ತುರಿಸುದು,” ಎಂದ.

*

ಫ್ಯಾಕ್ಟರಿಯ ಅಂಗಳದಲ್ಲಿ ಬೀಟರು ಮದುಮಗಳ ಹಾಗೆ ಕೂತಿತ್ತು. ಚೆಂಡುಹೂವಿನ ಹಾರ, ಹಣೆಯಿದ್ದಿರಬಹುದಾದ ಜಾಗಕ್ಕೆ ಚಂದನ, ಕುಂಕುಮ. ಪೂಜಾರಿ ಅದಕ್ಕೆ ಗೋತ್ರವೊಂದನ್ನು ಹುಡುಕಿಕೊಟ್ಟು ಮಂಗಳಾರತಿ ಎತ್ತಿದ. ತೀರ್ಥ ಹಂಚುವಾಗ ಕೆಂಪಿಯ ಕೈಗೆ ಮೇಲಿನಿಂದ ಸುರಿದ, ತಗುಲಬಾರದೆಂದು. ಯಂತ್ರವನ್ನು ಮಾತ್ರ ಎರಡು ಕೈಯಲ್ಲೂ ತಬ್ಬಿ ಸವರಿದ.

ಮುಂದಿನ ಸಾಲಿನಲ್ಲಿ ಗೋಪಾಲನ್, ಅವನ ಪಕ್ಕ ಕೆಂಪು ಮೂಗಿನ ಗಿರಾಕಿ, ಆಚೆ ಟೀ ಫ್ಯಾಕ್ಟರಿಗಳ ಯಜಮಾನರು. ಎಲ್ಲರ ಕೈಯಲ್ಲೂ ಗುಲಾಬಿ ಕರೆಯೋಲೆ. ಬಿಸಿಲು ಏರಿದ್ದರಿಂದ ಕೆಲವರು ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಅಂಗಳದ ಅಂಚಿನಲ್ಲಿ ತವುಟೆಹಟ್ಟಿಯ ಜನ ಬಿಳಿ ಬಟ್ಟೆಯಲ್ಲಿ ತುಂಬಿದ್ದರು. ಕರೆಯದೆ ಇಷ್ಟು ಜನ ಬಂದದ್ದು ನೋಡಿ ಅಮೃತಾ ಮೇಡಂಗೆ ಕಣ್ಣಲ್ಲಿ ನೀರೇ ಬಂತು. ಸಂಸ್ಕಾರಕ್ಕೆಂದು ನಂಜನಾಡಿನಿಂದ ತರಿಸಿದ ಕರು ಕಂಬಕ್ಕೆ ಕಟ್ಟಿದ್ದ ಬಲೂನನ್ನು ನೆಕ್ಕುತ್ತಿತ್ತು.

“ಈಗ ನಮ್ಮ ಪೂರ್ವಿಕರ ಕ್ಷಮಾಪಣೆ,” ಎಂದಳು ಅಮೃತಾ ಮೈಕಿನಲ್ಲಿ. “ಕೆಂಪಿ ಒಂದೊಂದು ವಾಕ್ಯ ಹೇಳಿದ ಮೇಲೆ ಎಲ್ಲರೂ ಜೋರಾಗಿ ‘ಪಾಪ’ ಅನ್ನಬೇಕು. ಎಲ್ಲಿ, ಒಂದ್ಸಲ ನೋಡೋಣ?”

“ಪಾಪ!” ಎಂದರು ಅತಿಥಿಗಳು. ಕೆಂಪು ಮೂಗಿನವನು ಎಲ್ಲರಿಗಿಂತ ಜೋರಾಗಿ ಅಂದು ತಾನೇ ಚಪ್ಪಾಳೆ ತಟ್ಟಿಕೊಂಡ.

ಕೆಂಪಿ ಕರುವಿನ ಬೆನ್ನಿನ ಮೇಲೆ ಕೈಯಿಟ್ಟಳು. ಪಕ್ಕದಲ್ಲಿ ಶಿವ ರಬ್ಬರ್ ಕೈಗೆ ಎಡಗೈ ಜೋಡಿಸಿ ನಮಸ್ಕಾರದಲ್ಲೇ ನಿಂತಿದ್ದ.

“ಸತ್ತುದು ತವುಟೆಹಟ್ಟಿಯ ಶಿವನ ಬಲಗೈ,” ಎಂದಳು. “ಅದು ಮಾಡಿದ ಪಾಪವ ಹೇಳುವೆ. ಹಾವು ಕೊಂದ ಕೈ.”

“ಪಾಪ!”

“ಹಲ್ಲಿ ಕೊಂದ ಕೈ.”

“ಪಾಪ!” ಗಿರಾಕಿಗೆ ಅಮೃತಾ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಅವನು ತಲೆದೂಗಿದ.

“ಹಳ್ಳದ ತೂಬು ಎತ್ತಿದ ಕೈ. ಬ್ಲೀಚಿಂಗ್ ನೀರ ಬಿಟ್ಟ ಕೈ. ಮೀನು ಸತ್ತುದು, ಕಪ್ಪೆ ಸತ್ತುದು, ಕೆಳಹಟ್ಟಿಯ ಎಮ್ಮೆ ಕಂದು ಹಾಕಿದುದು. ಹೇಳಿದ ಬಾಯಿ ಬೇರೆ, ಮಾಡಿದ ಕೈ ಇದು.”

“ಪಾಪ!”

ಕಪ್ಪೆ ಎಂಬಷ್ಟನ್ನು ಅಮೃತಾ ಗಿರಾಕಿಗೆ ಹೇಳಿದಳು. ಗೋಪಾಲನ್ ಕಾಲು ಕೆಳಗಿಳಿಸಿ ನೆಟ್ಟಗೆ ಕೂತ. ಅವನು ಹುಟ್ಟಿ ಬೆಳೆದದ್ದೇ ಇಲ್ಲಿ, ಹಟ್ಟಿಯ ಮಾತು ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಆದರೆ ಕ್ಯಾಮರಾ ಅವನ ಮುಖದ ಮೇಲೆಯೇ ಇತ್ತು. ಬಾಯಿ ಆಡಿಸದಿದ್ದರೆ ಗಿರಾಕಿ ಪಕ್ಕಕ್ಕೆ ತಿರುಗಿ ನೋಡುತ್ತಿದ್ದ.

“ಇನ್‌ಸ್ಪೆಕ್ಟರ್ ಬಂದ ದಿನ, ಅವನ ಕಣ್ಣಿಗ ಆಳು ಬೀಳಬಾರದು ಅಂದು, ಒಣಗಿಸುವ ಕೋಣೆಗ ಬೀಗ ಹಾಕಿದ ಕೈ. ಒಳಗ ಬಸುರಿ ಜೋಗಮ್ಮ ಬಾಗಿಲ ಬಡಿದುದು, ಈ ಕೈ ತೆಗೆಯಲಿಲ್ಲೆ. ಜೋಗಮ್ಮನ ಕೂಸು ಅಲ್ಲೇ ಹೋದುದು. ಹೇಳಿದ ಬಾಯಿ ಬೇರೆ, ಮಾಡಿದ ಕೈ ಇದು.”

ಹಟ್ಟಿಯ ಹೆಂಗಸರ ನಡುವಿನಿಂದ ಜೋಗಮ್ಮನ “ಪಾಪ” ಎಲ್ಲರದ್ದಕ್ಕಿಂತ ಮೊದಲು ಬಂತು. ಅದರ ಹಿಂದೆಯೇ ಅತಿಥಿಗಳದ್ದು, ಹಾಡಿನ ಪಲ್ಲವಿಯ ಹಾಗೆ. ಮೊದಲಾಳಿಯ ತುಟಿಯೂ ಆಡಿತು.

“ಹೆತ್ತಪ್ಪನ ಗಡಿಕಲ್ಲ ಕಿತ್ತ ಕೈ. ಕಿತ್ತು ಆಚೆ ನೆಟ್ಟ ಕೈ. ಆ ಅಪ್ಪ ಈ ಕೈಯ ನೀರ ಕುಡಿಯದೆ ಸತ್ತ. ಹೇಳಿದ ಬಾಯಿ ಬೇರೆ...”

ಕೆಂಪಿಯ ದನಿ ಒಡೆಯಿತು. ಮಾತು ಮುಗಿಸಿದವನು ಗೌಡ. “ಮಾಡಿದ ಕೈ ಇದು!”

“ಪಾಪ!”

“ಕಟ್ ಮಾಡ್ರೋ ಮೈಕು!” ಪ್ರವೀಣ್‌ಕುಮಾರ್ ಕೂಗಿಕೊಂಡು ಬಂದ. “ಈ ಕತ್ತೆಮುಂಡೆ ಏನು ಬೊಗಳ್ತಿದ್ದಾಳೆ!” ಗಿರಾಕಿ ಅವನಿಗೆ ಸುಮ್ಮನಿರುವಂತೆ ಬೆರಳು ತೋರಿಸಿದ. ಪೂಜೆಯ ನಡುವೆ ಮಾತಾಡುವ ಅನಾಗರಿಕರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಪ್ರವೀಣ್‌ಕುಮಾರ್ ಅಲ್ಲೇ ನಿಂತ.

“ಓಡುವ ಬೀಟರಿಗ ಇಳಿದ ಕೈ. ಗಂಜಿಯಾದ ಕೈ. ಅದ ನಾ ಎತ್ತಿದೆ. ಅತ್ತರ ಚುಕ್ಕೆ ಬೀಳುದು ಅಂದರು, ದೂರ ನಿಂತು ಅತ್ತೆ. ಅದು ಹಾಳೆಯಾದುದು. ಅದಕ ಹೆಸರಿಟ್ಟರು. ಆ ಕೈ ಈಗ ಮುಂದ ಕೂತ ನಿಂಗೆಲ್ಲರ ಕೈಲಿ ಇದೆ.”

“ಪಾಪ!” ಎಂದರು ಹಿಂದಿನ ಸಾಲಿನವರು, ಗುಲಾಬಿ ಕಾಗದ ಮೇಲೆತ್ತಿ ಬೀಸುತ್ತಾ. ಮುಂದಿನ ಸಾಲಿನಲ್ಲಿದ್ದ ಟೀ ಫ್ಯಾಕ್ಟರಿಯವನೊಬ್ಬನಿಗೆ ಮಾತು ತಿಳಿಯಿತು. ಅವನು ಕರೆಯೋಲೆಯನ್ನು ಕೆಂಡ ಮುಟ್ಟಿದವನಂತೆ ಕೆಳಗೆ ಬಿಟ್ಟ. ಪಕ್ಕದವನೂ ಬಿಟ್ಟ. ಗಿರಾಕಿ ತನ್ನದನ್ನು ಮೂಗಿನ ಹತ್ತಿರ ಹಿಡಿದು, ಏನಂದಳು ಎಂದು ಅಮೃತಾಳನ್ನು ಕೇಳಿದ. ಅಮೃತಾ ಮೊದಲ ಬಾರಿಗೆ ಅರ್ಥ ಹೇಳಲಿಲ್ಲ. ಅವಳು ಓಡಿಹೋಗಿ ಮೈಕನ್ನು ಶಿವನ ಬಾಯಿಗೆ ಹಿಡಿದಳು.

“ಶಿವಣ್ಣ, ಕರಡಿ! ಕರಡಿ ಕಥೆ ಹೇಳಿ, ಬೇಗ!”

ಕೆಂಪಿ ಅಷ್ಟರಲ್ಲಿ ಶಿವನ ಮೊಣಕೈಯ ಬಕಲ್ ಬಿಚ್ಚಿದ್ದಳು. ರಬ್ಬರ್ ಕೈಯನ್ನು ಅದರ ಪಟ್ಟಿಯಲ್ಲೇ ಕರುವಿನ ಕೊರಳಿಗೆ ಕಟ್ಟಿದಳು. ಶಿವ ಮೊಂಡುಗೈಯನ್ನು ಒಂದು ಸಲ ಕರುವಿನ ಬೆನ್ನಿಗೆ ಒತ್ತಿದ. ಕೆಂಪಿ ಹಗ್ಗ ಬಿಟ್ಟು “ಹೋಗು” ಎಂದಳು. ಹೂವಿಗೂ ಮೈಕಿಗೂ ಬೆದರಿದ್ದ ಕರು ಒಂದೇ ನೆಗೆತಕ್ಕೆ ಬೀಟರನ್ನು ಬಳಸಿ ಗೇಟು ದಾಟಿತು.

ಶಿವ ತನ್ನ ಮೊಂಡುಗೈಯನ್ನು ಎತ್ತಿ ನೋಡಿಕೊಂಡ. ಅಂಗಳವೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು.

“ಎನಗ ಈಗ ತುರಿಕೆ ಇಲ್ಲೆ,” ಎಂದ ಮೈಕಿನಲ್ಲಿ.

“ಹಿಡೀರೋ ಅದನ್ನ! ಕಂಪನಿ ಮಾಲು!” ಗೋಪಾಲನ್‌ಗೆ ಕೊನೆಗೂ ಬಾಯಿ ಬಂತು. ಹಟ್ಟಿಯ ಒಬ್ಬನೂ ಕದಲಲಿಲ್ಲ. ಅದನ್ನು ಹಿಡಿದರೆ ಏನಾಗುತ್ತದೆಂದು ಅವರಿಗೆ ಗೊತ್ತು, ಅವನಿಗೂ ಗೊತ್ತು. ಗೊತ್ತಿಲ್ಲದ ಪ್ರವೀಣ್‌ಕುಮಾರ್ ಬೂಟು ಕಾಲಲ್ಲಿ ಟೀ ಗಿಡಗಳ ನಡುವೆ ಕರುವಿನ ಹಿಂದೆ ಬಿದ್ದ. ಹಗ್ಗಕ್ಕೆ ಕೈ ಚಾಚುತ್ತಾನೆ, ಜಾರುತ್ತಾನೆ, ಮತ್ತೆ ಏಳುತ್ತಾನೆ. ಗೋಧಿ ಬಣ್ಣದ ಕೈ ಗಿಡಗಳ ಮೇಲೆ ಕುಣಿಯುತ್ತಾ ಬಾ ಬಾ ಎಂದು ಕರೆಯುತ್ತಿತ್ತು. ಕಾರ್ಯಕ್ರಮ ಇನ್ನೂ ಮುಗಿದಿಲ್ಲವೆಂದುಕೊಂಡ ಹಿಂದಿನ ಸಾಲಿನವರು ಅವನು ಬಿದ್ದಾಗಲೆಲ್ಲ ಉತ್ಸಾಹದಿಂದ “ಪಾಪ!” ಎಂದು ಕೂಗಿದರು.

*

ಸಂಜೆಯಾಗುವಷ್ಟರಲ್ಲಿ ಲೈನ್ ಮನೆಗೆ ಹೊಸ ಬೀಗ ಬಿದ್ದಿತ್ತು. ಪಾತ್ರೆ, ಕಂಬಳಿ, ಚೂರುಗನ್ನಡಿ ಎಲ್ಲ ಗೇಟಿನಾಚೆ ಸಿಲ್ವರ್ ಓಕ್ ಮರದ ಬುಡಕ್ಕೆ ಬಂದಿದ್ದವು. ಗಿರಾಕಿ ಮಧ್ಯಾಹ್ನವೇ ಊಟ ಮಾಡದೆ ಹೊರಟುಹೋಗಿದ್ದ. ಕರು ಸಿಕ್ಕಿರಲಿಲ್ಲ. ಸಣ್ಣಗೆ ಮಳೆ ಹನಿಯತೊಡಗಿತು. ಕೆಂಪಿ ಪಾತ್ರೆಗಳನ್ನು ಬೋರಲು ಹಾಕಿ, ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದಳು. ಅವಳಿಗೆ ಹೆದರಿಕೆಯಾಗುತ್ತಿತ್ತು. ಶಿವ ಮಾತ್ರ ಎಷ್ಟೋ ವರ್ಷಗಳ ಮೇಲೆ ಸುಮ್ಮನೆ, ಏನನ್ನೂ ಉಜ್ಜದೆ ಕೂತಿದ್ದ.

ವಾಚ್‌ಮನ್ ದಿನೇಶ್‌ಕುಮಾರ್ ಟಾರ್ಚು ಹಿಡಿದು ಗೇಟಿನಿಂದ ಬಂದ. ತಲೆ ತಗ್ಗಿಸಿಕೊಂಡೇ ಬಂದ.

“ಶಿವಣ್ಣ, ಬೇಜಾರು ಮಾಡ್ಬೇಡ. ಬೀರು ಖಾಲಿ ಇದೆ ಅಂತ ಮ್ಯಾನೇಜರ್ ಕಿರುಚಾಡ್ತಾ ಇದ್ದಾರೆ. ಕೈ ಏನಾಯ್ತು ಅಂತ ರಿಜಿಸ್ಟರಿಗೆ ಬರೀಬೇಕಂತೆ, ನಿನ್ನ ಬಾಯಿಂದಲೇ ಕೇಳಿ ಬಾ ಅಂದ್ರು.”

ಶಿವ ಕಂಬಳಿ ಸರಿಸಿ ಎದ್ದು ನಿಂತ. ಎಡಗೈಯನ್ನು ಮೊಂಡುಗೈಗೆ ಜೋಡಿಸಿದ, ಕಲಿಸಿದ್ದ ಹಾಗೆಯೇ. ಟಾರ್ಚಿನ ಬೆಳಕನ್ನೇ ನೇರವಾಗಿ ನೋಡಿದ. ಒಂದಕ್ಷರವೂ ತಪ್ಪಲಿಲ್ಲ.

“ಕಾಡಿಗೆ ಸೌದೆಗೆ ಹೋಗಿದ್ದೆ. ಕರಡಿ ಬಂತು. ಕೈ ಕಚ್ಚಿಕೊಂಡು ಹೋಯಿತು, ಸಾರ್.”